ಶಿವಮೊಗ್ಗದ ಓಟಗಾರರೇ, "ಕಾಫಿ ಜೀನ್" ಟೆಸ್ಟಿಗೆ ದುಡ್ಡು ಕೊಡುವ ಮುಂಚೆ ಇದನ್ನೊಂದು ಓದಿ

8,200 ರೂಪಾಯಿ. ಟೆಸ್ಟಿಗೆ 6,500, ಕಾಫಿಯಲ್ಲಿರುವ ಕೆಫೀನಿನ ಕ್ಯಾಪ್ಸೂಲ್ ಡಬ್ಬಿಗೆ 1,700. ಹೋಯಿತು. ದುಡ್ಡಿಗಿಂತ ಜಾಸ್ತಿ ನಾಚಿಕೆ ಆಗಿರುವುದು ಬೇರೆ ವಿಷಯಕ್ಕೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ಪ್ರತಿ ವರ್ಷ ಹತ್ತನೇ ಕ್ಲಾಸಿಗೆ ಮೆಂಡಲ್‌ನ ಬಟಾಣಿ ಗಿಡ ಬೋರ್ಡ್ ಮೇಲೆ ಬರೆಯುವವನು. ನಮ್ಮ ಮಕ್ಕಳಿಗೆ ಗೊತ್ತಾದರೆ ಮುಗೀತು ಕಥೆ.

ನೆಹರೂ ಸ್ಟೇಡಿಯಂಗೆ ಬೆಳಿಗ್ಗೆ ಬರುವವರು ಈ ಟೆಸ್ಟ್ ಮಾರುವ ಮನುಷ್ಯನನ್ನು ನೋಡಿರುತ್ತೀರಿ, ಹೆಸರು ಬರೆಯುವುದಿಲ್ಲ. ತುಂಬಾ ಸಭ್ಯ. "ಸಾರ್, ಕೆಫೀನ್ ಎಲ್ಲರಿಗೂ ಒಂದೇ ಥರ ಕೆಲಸ ಮಾಡಲ್ಲ. ನಿಮ್ಮ ಜೀನ್ ಏನು ಹೇಳುತ್ತೆ ನೋಡೋಣ. ಒಂದು ಕಾಲದಲ್ಲಿ ಒಲಿಂಪಿಕ್ಸ್‌ನವರೇ ಇದಕ್ಕೆ ಹೆದರಿ ಮಿತಿ ಹಾಕಿದ್ರು." ಸಿಟ್ಟು ಬರುವುದು ಇಲ್ಲೇ. ಅವನು ಹೇಳಿದ್ದು ಸುಳ್ಳಲ್ಲ! 2004ರಲ್ಲಿ ಕೆಫೀನನ್ನು ನಿಷೇಧದ ಪಟ್ಟಿಯಿಂದ ತೆಗೆದರು, ಅದಕ್ಕೆ ಮುಂಚೆ ಮಿತಿ ಇದ್ದದ್ದು ನಿಜ. ಜೀನ್ ವಿಷಯವೂ ನಿಜ. ನಮ್ಮ ಲಿವರ್‌ನಲ್ಲಿ ಕೆಫೀನನ್ನು ಒಡೆಯುವ ಕಿಣ್ವ ಒಂದಿದೆ, ಅದರ ಜೀನಿಗೆ ಸಿವೈಪಿ1ಎ2 ಅಂತ ಹೆಸರು. ಅದರಲ್ಲಿ ಒಂದು ಜಾಗದಲ್ಲಿ ಅಪ್ಪನಿಂದ ಒಂದು ಅಕ್ಷರ, ಅಮ್ಮನಿಂದ ಒಂದು ಅಕ್ಷರ ಬರುತ್ತದೆ, ಎ ಇಲ್ಲವೇ ಸಿ. ಎಎ ಇದ್ದವರು ಬೇಗ ಒಡೆಯುತ್ತಾರೆ, ಎಸಿ ಮತ್ತು ಸಿಸಿ ನಿಧಾನ. ನಿಜವಾದ ಮಾತಿನ ಜೊತೆ ಸುಳ್ಳು ಸೇರಿಸಿ ಕೊಟ್ಟರೆ ಮೇಷ್ಟ್ರೂ ನುಂಗುತ್ತಾನೆ.

ಹತ್ತಿ ಕಡ್ಡಿಯಲ್ಲಿ ಕೆನ್ನೆಯ ಒಳಗೆ ಉಜ್ಜಿಕೊಂಡು ಹೋದ. ನನ್ನದು, ನಮ್ಮ ಭಾವನದು, ಇಬ್ಬರದೂ. ಮೂರು ವಾರಕ್ಕೆ 22 ಪುಟದ ಬಣ್ಣಬಣ್ಣದ ರಿಪೋರ್ಟ್ ಬಂತು. ಮೊದಲ ಪುಟದಲ್ಲೇ ದೊಡ್ಡದಾಗಿ "ಫಾಸ್ಟ್", ಪಕ್ಕದಲ್ಲಿ ಓಡುತ್ತಿರುವ ಚಿರತೆಯ ಚಿತ್ರ. ಓಟಕ್ಕೆ ಒಂದು ಗಂಟೆ ಮೊದಲು 200 ಮಿಲಿಗ್ರಾಮಿನ ಎರಡು ಕ್ಯಾಪ್ಸೂಲ್. ಚಿರತೆ ನೋಡಿ ಖುಷಿಪಟ್ಟು ಉಳಿದ 21 ಪುಟ ಸುಮ್ನೆ ತಿರುವಿ ಹಾಕಿದೆ. ಮಕ್ಕಳಿಗೆ ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ ಅಂತ ಬೈಯುವವನು ನಾನೇ.

ತೀರ್ಥಹಳ್ಳಿ ಕಡೆ 10 ಕಿಲೋಮೀಟರ್ ಓಟ ಇತ್ತು. ಎದೆಯ ಮೇಲೆ ನಂಬರ್ ಚೀಟಿಗೆ ಪಿನ್ ಹಾಕುವಾಗಲೇ ಕೈ ನಡುಗಿ ಬೆರಳಿಗೆ ಚುಚ್ಚಿಕೊಂಡೆ. ಚಳಿ ಇರಬೇಕು ಅಂದುಕೊಂಡೆ. ಮೊದಲ ಮೂರು ಕಿಲೋಮೀಟರ್ ಹುಚ್ಚು ಹಿಡಿದವನ ಹಾಗೆ ಓಡಿದೆ, ಆಮೇಲೆ ಏರು ಶುರುವಾಯಿತು, ಎದೆ ಕಿವಿಯಲ್ಲಿ ಬಡಿದುಕೊಳ್ಳುತ್ತಿದೆ, ಹೊಟ್ಟೆ ತೊಳಸುತ್ತಿದೆ, ಆರನೇ ಕಿಲೋಮೀಟರಿಗೆ ಒಬ್ಬರ ಅಡಿಕೆ ತೋಟದ ಉಣುಗೋಲು ಹಿಡಿದುಕೊಂಡು ಕೂತುಬಿಟ್ಟೆ. ಆ ಮನೆಯ ಅಜ್ಜಿ "ಎಂತ ಆಯ್ತು ತಮ್ಮಾ?" ಅಂತ ಬಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಟ್ಟರು. ಏನಂತ ಹೇಳಲಿ? ಚಿರತೆ ಕೂತಿದೆ ಅಜ್ಜಿ ಅನ್ನಲಾ? ಯಾವಾಗಲೂ 56 ನಿಮಿಷಕ್ಕೆ ಮುಗಿಸುವವನು ಅವತ್ತು 1 ಗಂಟೆ 9 ನಿಮಿಷ. ರಾತ್ರಿ ಎರಡೂವರೆವರೆಗೆ ನಿದ್ದೆ ಇಲ್ಲ.

ನಿದ್ದೆ ಬಾರದ ಆ ಹೊತ್ತಿನಲ್ಲೇ ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ಓದಿದೆ. 17ನೇ ಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ, ಭಾವನದು ಎಎ. ನನ್ನದು ಎಸಿ. ಉಳಿದದ್ದೆಲ್ಲ ಒಂದೇ. ಅದೇ ಚಿರತೆ, ಅದೇ ಫಾಸ್ಟ್, ಅದೇ ಎರಡು ಕ್ಯಾಪ್ಸೂಲ್. "ವ್ಯಾಯಾಮ" ಅನ್ನುವುದನ್ನು "ವಾಯ್ಯಾಮ" ಅಂತ ಬರೆದ ತಪ್ಪೂ ಎರಡರಲ್ಲೂ ಒಂದೇ ಸಾಲಿನಲ್ಲಿ! ಭಾವ 84 ಕೆಜಿ, ನಾನು 58 ಕೆಜಿ. ಹೊಟ್ಟೆ ಉರಿಯಿತು.

ಬೆಳಿಗ್ಗೆ ಮೆಸೇಜ್ ಹಾಕಿದೆ. ಉತ್ತರ ನೋಡಿ. "ಎಸಿ ಅಂದ್ರೆ ಅರ್ಧ ಫಾಸ್ಟ್ ಸಾರ್, ಫಾಸ್ಟ್ ಕ್ಯಾಟಗರಿನೇ." ಹಾಗಾದರೆ ನಾನು ಅರ್ಧ ಚಿರತೆ. ಮತ್ತೆ ಕೇಳಿದ್ದಕ್ಕೆ, "ಬೆಳಿಗ್ಗೆ ಮನೆಯಲ್ಲಿ ಕಾಫಿ ಕುಡಿದಿದ್ರಾ? ಕುಡಿದಿದ್ರೆ ನಮ್ಮ ಜವಾಬ್ದಾರಿ ಇಲ್ಲ." ಕುಡಿದಿರಲಿಲ್ಲ ಮಾರಾಯಾ. ಆಮೇಲೆ ಬಂದದ್ದು ಎಲ್ಲಕ್ಕಿಂತ ಮೇಲು: "ಲೈಫ್‌ಸ್ಟೈಲ್‌ನಿಂದ ಜೀನ್ ಚೇಂಜ್ ಆಗಿರಬಹುದು ಸಾರ್, ಇನ್ನೊಂದು ಸಲ ಟೆಸ್ಟ್ ಮಾಡಿಸಿ, ನಿಮಗೆ 3,000ಕ್ಕೆ ಮಾಡ್ಕೊಡ್ತೀವಿ." ಹುಟ್ಟುವಾಗ ಅಪ್ಪ ಅಮ್ಮ ಕೊಟ್ಟ ಅಕ್ಷರ ಮೂರು ವಾರದಲ್ಲಿ ಬದಲಾಗುತ್ತದಂತೆ. ಅದನ್ನು ನನಗೆ, ಜೀವಶಾಸ್ತ್ರದ ಮೇಷ್ಟ್ರಿಗೆ! ಬದಲಾಗುವುದು ಕಿಣ್ವದ ವೇಗ. ಸಿಗರೇಟು ಸೇದುವವರಲ್ಲಿ ಅದು ಜಾಸ್ತಿ ಆಗುತ್ತದೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕಡಿಮೆ ಆಗುತ್ತದೆ. (ಭಾವ ಸೇದುತ್ತಾರೆ. ಅಕ್ಕನಿಗೆ ಹೇಳಬೇಡಿ.) ಇದನ್ನೆಲ್ಲ ಆ 22 ಪುಟದಲ್ಲಿ ಎಲ್ಲೂ ಕೇಳಿಲ್ಲ.

ಟೆಸ್ಟಿನವರೇ ಸಾಕ್ಷಿಗೆ ತೋರಿಸಿದ್ದ ಟೊರಾಂಟೊ ಅಧ್ಯಯನವನ್ನು ಹುಡುಕಿ ಓದಿದೆ, 2018ರದ್ದು. 101 ಗಂಡಸರು, ಎಲ್ಲರೂ ಸ್ಪರ್ಧೆಗೆ ಇಳಿಯುವ ಕ್ರೀಡಾಪಟುಗಳು, ಸೈಕಲ್ ಮೇಲೆ 10 ಕಿಲೋಮೀಟರ್. ಕೆಜಿ ತೂಕಕ್ಕೆ 2 ಇಲ್ಲವೇ 4 ಮಿಲಿಗ್ರಾಂ ಕೆಫೀನ್. ಎಎ ಇದ್ದವರು 4 ಮಿಲಿಗ್ರಾಮಿಗೆ ಶೇ 6.8ರಷ್ಟು ಬೇಗ ಮುಗಿಸಿದರು. ಸಿಸಿ ಇದ್ದವರು ಅಷ್ಟೇ ಕೆಫೀನಿಗೆ ಶೇ 13.7ರಷ್ಟು ನಿಧಾನವಾದರು. ನನ್ನಂಥ ಎಸಿ ಜನಕ್ಕೆ? ಏನೂ ವ್ಯತ್ಯಾಸ ಇಲ್ಲ! ದುಡ್ಡು ಕೊಟ್ಟು ತಿಂದದ್ದು ಏನೂ ಆಗದ್ದಕ್ಕೆ. ಅದೂ 4 ಮಿಲಿಗ್ರಾಂ ಲೆಕ್ಕದಲ್ಲಿ ನನಗೆ 232 ಸಾಕಿತ್ತು, ಕೊಟ್ಟದ್ದು 400, ಅಂದರೆ ಕೆಜಿಗೆ ಸುಮಾರು 7. ಅಷ್ಟು ಯಾಕೆ, ಬೇರೆ ಕೆಲವು ಅಧ್ಯಯನಗಳಲ್ಲಿ ಈ ಜೀನಿನಿಂದ ಫರಕೇ ಕಂಡಿಲ್ಲ. ವಿಜ್ಞಾನಿಗಳೇ ಇನ್ನೂ ಒಮ್ಮತಕ್ಕೆ ಬಂದಿಲ್ಲ, ಸ್ಟೇಡಿಯಂ ಗೇಟಿನ ಹತ್ತಿರ ಇವನು ತೀರ್ಪು ಕೊಟ್ಟಾಗಿದೆ.

ನಿಮಗೆ ಕೆಫೀನ್ ಆಗುತ್ತದಾ ಅಂತ ನೋಡಬೇಕಿದ್ದರೆ ಮನೆಯ ಕಾಫಿ ಕುಡಿದು ಒಂದು ದಿನ, ಕುಡಿಯದೆ ಒಂದು ದಿನ ಓಡಿ, ಗಡಿಯಾರ ನೋಡಿ. ಹೊಸದನ್ನು ಸ್ಪರ್ಧೆಯ ದಿನ ಬಾಯಿಗೆ ಹಾಕಬೇಡಿ. ಎದೆ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಈ ಕ್ಯಾಪ್ಸೂಲ್ ಮುಟ್ಟಲೇಬೇಡಿ. ರಿಪೋರ್ಟ್ ಮಾಡಿಸಿಯಾಗಿದ್ದರೆ ಚಿರತೆ ಬಿಟ್ಟು 17ನೇ ಪುಟಕ್ಕೆ ಹೋಗಿ.

ದುಡ್ಡು ವಾಪಸ್ ಕೇಳಿದ ಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ. ಭಾವನ ನಂಬರ್ ಮಾಡಿಲ್ಲ. ಅವರು ಅವತ್ತು ಎರಡು ನಿಮಿಷ ಬೇಗ ಮುಗಿಸಿದರು, ಈಗ ನನ್ನ ಡಬ್ಬಿಯಲ್ಲಿ ಉಳಿದದ್ದನ್ನೂ ಕೇಳುತ್ತಿದ್ದಾರೆ.