19 ಡಾಲರಿನ ಹಳೇ ಎಲ್‌ಪಿ, ಅದರೊಳಗಿನ ಲೆವಿ ಸ್ಟಬ್ಸ್

ಈ ಎಲ್‌ಪಿಯನ್ನು, ಅಂದರೆ ಹಳೇ ಗ್ರಾಮಫೋನ್ ತಟ್ಟೆಯನ್ನು, ನಾನು ಕೊಂಡಿದ್ದು ಎರಡು ಸಲ. ಮೊದಲ ಸಲ ಆನ್‌ಲೈನ್‌ನಲ್ಲಿ ತರಿಸಿದೆ. ಮಾರಿದವನು ‘ಬಹಳ ಚೆನ್ನಾಗಿದೆ’ ಎಂದು ಬರೆದಿದ್ದ. ಬಿಚ್ಚಿ ನೋಡಿದರೆ ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಒಂದು ಅಂಚು ಎದ್ದು ನಿಂತಿತ್ತು. ಸೂಜಿ ಇಟ್ಟರೆ ಅಳಿವೆ ದಾಟುವ ದೋಣಿ! ದುಡ್ಡು ವಾಪಸ್ ಬರಲು ಆರು ವಾರ ಹಿಡಿಯಿತು.

ಎರಡನೆಯದು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ, ನಮ್ಮ ಮನೆಯಿಂದ ಹತ್ತು ನಿಮಿಷದ ಒಂದು ಹಳೇ ರೆಕಾರ್ಡ್ ಅಂಗಡಿಯಲ್ಲಿ ಸಿಕ್ಕಿತು. 19 ಡಾಲರ್. ಫೋರ್ ಟಾಪ್ಸ್ ಎಂಬ ಹಾಡುಗಾರರ ತಂಡದ ‘ರೀಚ್ ಔಟ್’, ಮೋಟೌನ್ ಎಂಬ ರೆಕಾರ್ಡ್ ಕಂಪನಿಯ 1967ರ ಪ್ರತಿ, ಮೋನೋ (ಎಲ್ಲ ಸದ್ದೂ ಒಂದೇ ಧಾರೆಯಲ್ಲಿ). ಕವರ್‌ನ ಒಂದು ಮೂಲೆ ಹರಿದಿದೆ. ಹಿಂದೆ ಯಾರೋ ಬಾಲ್ ಪೆನ್ನಿನಲ್ಲಿ ಹೆಸರು ಬರೆದು, ಆಮೇಲೆ ಗೀಚಿ ಅಳಿಸಿದ್ದಾರೆ. ತಟ್ಟೆ ಮಾತ್ರ ಸಮತಟ್ಟು. ಅಲ್ಲಲ್ಲಿ ಚಟಪಟ ಸದ್ದು ಬರುತ್ತದೆ, ಒಗ್ಗರಣೆಯಷ್ಟು. ನನಗೇನೂ ತೊಂದರೆಯಿಲ್ಲ.

ಒಟ್ಟು 12 ಹಾಡು. ಆದರೆ ನಾನು ದುಡ್ಡು ಕೊಟ್ಟಿದ್ದು ಒಂದು ದನಿಗೆ, ತಂಡದ ಮುಖ್ಯ ಗಾಯಕ ಲೆವಿ ಸ್ಟಬ್ಸ್ ದನಿಗೆ.

ನಮ್ಮೂರು ಹೊನ್ನಾವರದ ಕಡೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಯಕ್ಷಗಾನದ ಆಟಕ್ಕೆ ಹೋಗಿ, ಚಾಪೆಯ ಮೇಲೆ ಅರ್ಧ ನಿದ್ದೆಯಲ್ಲಿ ಬೆಳಗು ಮಾಡಿದವನು. ಭಾಗವತರು ಏರುಶ್ರುತಿಯಲ್ಲಿ ಪದ ಎತ್ತಿದರೆ ಎಂಥ ನಿದ್ದೆಯೂ ಹಾರಿಹೋಗುತ್ತಿತ್ತು. ನನ್ನದು ದಪ್ಪ ಗಂಟಲು. ಇಲ್ಲಿನ ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಹಾಡಲು ಹೋದಾಗಲೆಲ್ಲ ಕೀಬೋರ್ಡ್ ನುಡಿಸುವವರು ಕೇಳುವುದು ಒಂದೇ, ‘ನಿಮಗೆ ಶ್ರುತಿ ಎಷ್ಟು ಇಳಿಸಲಿ ಸಾರ್?’ ಹಾಗಾಗಿ ಲೆವಿ ಸ್ಟಬ್ಸ್ ವಿಷಯ ಗೊತ್ತಾದಾಗ ಕಿವಿ ನೆಟ್ಟಗಾಯಿತು. ಅವನದೂ ಬ್ಯಾರಿಟೋನ್, ತಗ್ಗಿನ ದನಿ. ಹಾಡು ಕಟ್ಟುತ್ತಿದ್ದ ಹಾಲೆಂಡ್, ಡೋಜಿಯರ್, ಹಾಲೆಂಡ್ ಮೂವರು ಅವನಿಗಾಗಿ ಶ್ರುತಿ ಇಳಿಸಲಿಲ್ಲ. ಬೇಕೆಂದೇ ಏರಿಸಿದರು. ಆರಾಮಾಗಿ ಮುಟ್ಟುವ ಜಾಗಕ್ಕಿಂತ ಒಂದು ಮೆಟ್ಟಿಲು ಮೇಲಿಟ್ಟರು. ಅವನು ಎಟುಕಿಸಿಕೊಳ್ಳಲು ಒದ್ದಾಡಬೇಕು. ಆ ಒದ್ದಾಟವೇ ಅವರಿಗೆ ಬೇಕಿತ್ತು.

‘ರೀಚ್ ಔಟ್ ಐ ವಿಲ್ ಬಿ ದೇರ್’ ಕೇಳಿ, ಗೊತ್ತಾಗುತ್ತದೆ. ಮೊದಲ ಬದಿಯ ಮೊದಲ ಹಾಡೇ ಅದು. ಶುರುವಿನಲ್ಲಿ ಕೊಳಲು, ಅದರ ಕೆಳಗೆ ಕುದುರೆ ಓಡಿದ ಹಾಗೆ ತಾಳ. ಆಮೇಲೆ ಲೆವಿ ಬರುತ್ತಾನೆ. ಹಾಡುತ್ತಾನೆ ಅನ್ನುವುದಕ್ಕಿಂತ ಕೂಗಿ ಹೇಳುತ್ತಾನೆ. ಗಾಯಕ ಬಾಬ್ ಡೈಲನ್ ಹಾಡುವ ರೀತಿ ಆ ಮೂವರ ತಲೆಯಲ್ಲಿತ್ತಂತೆ. ಬಾವಿಗೆ ಬಿದ್ದವರಿಗೆ ಮೇಲಿಂದ ಹಗ್ಗ ಬಿಟ್ಟು ಕರೆಯುತ್ತಾರಲ್ಲ, ಆ ಕೂಗು. ತಂಡದ ಡ್ಯೂಕ್ ಫಕೀರ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದರು: ಈ ಹಾಡು ತಮಗೇ ವಿಚಿತ್ರವಾಗಿ ಕೇಳಿಸಿತ್ತು, ಸಿಂಗಲ್ ಆಗಿ ಬಿಡಬೇಡಿ ಎಂದು ಮೋಟೌನ್ ಮಾಲೀಕ ಬೆರಿ ಗಾರ್ಡಿಯನ್ನು ಕೇಳಿಕೊಂಡಿದ್ದರು ಎಂದು. ಗಾರ್ಡಿ ಕೇಳಲಿಲ್ಲ. 1966ರ ಅಕ್ಟೋಬರಿನಲ್ಲಿ ಅದು ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಮೊದಲ ಸ್ಥಾನಕ್ಕೆ ಹೋಯಿತು.

ಗಾರ್ಡಿ ಅಂದರೆ ಕಾರು ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ದುಡಿದು ಬಂದವನು. ಹಾಡನ್ನೂ ಹಾಗೇ ಸಾಲಾಗಿ ಮಾಡಿ ಹೊರಗೆ ಬಿಡಬಹುದು ಅಂದುಕೊಂಡ. ಕಾರು ಕಂಪನಿಯಲ್ಲೇ ಅನ್ನ ತಿನ್ನುವ ನನಗೆ ಇದು ಸುಲಭಕ್ಕೆ ಅರ್ಥವಾಗುತ್ತದೆ. 1965ರಲ್ಲಿ ಟಾಪ್ಸ್ ಗೆದ್ದದ್ದೇ ತಡ, ಹಿಂದೆ ಅವರನ್ನಿಟ್ಟುಕೊಂಡಿದ್ದ ಕೊಲಂಬಿಯಾ ಕಂಪನಿ ಒಂದು ಹಳೇ ಹಾಡನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಮೋಟೌನ್ ಸುಮಾರು ಒಂದೇ ದಿನದಲ್ಲಿ ಹೊಸ ಹಾಡು ಬರೆದು, ಹಾಡಿಸಿ, ತಟ್ಟೆ ಮಾಡಿಸಿಬಿಟ್ಟಿತು. ನಮ್ಮ ಕಂಪನಿಯಲ್ಲಿ ಒಂದು ಬೋಲ್ಟ್ ಬದಲಿಸಲು ಮೂರು ಮೀಟಿಂಗ್ ಬೇಕು.

ಲೆವಿ ಈ ಊರಿನವನೇ. 1936ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದ. ಮನೆತನದ ಹೆಸರು ಸ್ಟಬಲ್ಸ್, ಆಮೇಲೆ ಸ್ಟಬ್ಸ್ ಆಯಿತು. ಗಾಯಕ ಜಾಕಿ ವಿಲ್ಸನ್ ಹತ್ತಿರದ ಸಂಬಂಧಿ. ತಮ್ಮ ಜೋ ಸ್ಟಬ್ಸ್ ಕೂಡ ಹಾಡುಗಾರ. ಪರ್ಷಿಂಗ್ ಹೈಸ್ಕೂಲಿನ ಗೆಳೆಯ ಫಕೀರ್, ಇನ್ನೊಂದು ಶಾಲೆಯ ಓಬಿ ಬೆನ್ಸನ್ ಮತ್ತು ಲಾರೆನ್ಸ್ ಪೇಟನ್, ಇಷ್ಟು ಜನ ಸೇರಿ 1954ರ ಹೊತ್ತಿಗೆ ತಂಡ ಕಟ್ಟಿದರು. ಮೊದಲ ಹೆಸರು ಫೋರ್ ಏಮ್ಸ್. ಏಮ್ಸ್ ಬ್ರದರ್ಸ್ ಎಂಬ ಇನ್ನೊಂದು ತಂಡವಿತ್ತು, ಗಲಿಬಿಲಿ ಬೇಡ ಎಂದು ಬದಲಿಸಿದರು. ಸುಮಾರು ಹತ್ತು ವರ್ಷ ಕ್ಲಬ್ಬುಗಳಲ್ಲಿ ಜಾಸ್ ಹಾಡಿದರು, ಯಾವ ಕಂಪನಿಯಲ್ಲೂ ಗೆಲುವು ಸಿಗಲಿಲ್ಲ. 1963ರಲ್ಲಿ ಮೋಟೌನ್‌ಗೆ ಬಂದರು.

ಕವರ್ ತಿರುಗಿಸಿ ನೋಡಿ. ‘ಲೆವಿ ಸ್ಟಬ್ಸ್ ಮತ್ತು ಫೋರ್ ಟಾಪ್ಸ್’ ಎಂದು ಎಲ್ಲೂ ಇಲ್ಲ. ಆಗ ಮೋಟೌನ್‌ನಲ್ಲಿ ಮುಖ್ಯ ಗಾಯಕರ ಹೆಸರು ಮುಂದೆ ಬರುವ ಗಾಳಿ ಬೀಸುತ್ತಿತ್ತು. 1967ರಲ್ಲೇ ಸುಪ್ರೀಮ್ಸ್ ಎಂಬ ತಂಡದ ಹೆಸರು ಹೋಗಿ ‘ಡಯಾನಾ ರಾಸ್ ಮತ್ತು ಸುಪ್ರೀಮ್ಸ್’ ಆಯಿತು. ಲೆವಿ ಒಪ್ಪಲಿಲ್ಲ. ಬೇರೆಯಾಗಿ ಹಾಡಲೂ ಹೋಗಲಿಲ್ಲ. 1997ರಲ್ಲಿ ಪೇಟನ್ ತೀರಿಕೊಳ್ಳುವವರೆಗೆ, 40 ವರ್ಷಕ್ಕೂ ಜಾಸ್ತಿ, ಅದೇ ನಾಲ್ವರು. ನಮ್ಮ ಆರ್ಕೆಸ್ಟ್ರಾ ನಾಲ್ಕು ವರ್ಷದಲ್ಲಿ ಎರಡು ಹೋಳಾಗಿದೆ. ಕಾರಣ ಕೇಳಬೇಡಿ, ಮೈಕ್.

ಇನ್ನು ತಟ್ಟೆಗೆ ಬರೋಣ. ‘7 ರೂಮ್ಸ್ ಆಫ್ ಗ್ಲೂಮ್’ ಶುರುವಾದಾಗ ಹೆಂಡತಿ ಅಡುಗೆಮನೆಯಿಂದ ಕೇಳಿದಳು, ‘ಯಾರ್ರೀ ಅದು, ಇಷ್ಟು ಅಳ್ತಾ ಇರೋದು?’ ಅದಕ್ಕಿಂತ ಒಳ್ಳೇ ವಿಮರ್ಶೆ ನಾನು ಬರೆಯಲಾರೆ. ‘ವಾಕ್ ಅವೇ ರೆನೇ’ ಬೇರೆ ತಂಡದ ಹಾಡು, ಆದರೂ ಲೆವಿ ಅದನ್ನು ಸ್ವಂತ ಮಾಡಿಕೊಂಡಿದ್ದಾನೆ. ಆದರೆ ಮಂಕೀಸ್ ತಂಡದ ಎರಡು ಹಾಡುಗಳನ್ನು ಯಾಕೆ ಸೇರಿಸಿದರೋ! ಸುಮ್ನೆ ಜಾಗ ತುಂಬಿಸಿದ ಹಾಗಿದೆ. ಹಬ್ಬದೂಟದ ಎಲೆಯಲ್ಲಿ ಬ್ರೆಡ್ ಬಡಿಸಿದಂತೆ. ‘ಚೆರಿಷ್’ ಬಂದಾಗ ನಾನು ಎದ್ದು ಹೋಗಿ ಕಾಫಿ ಮಾಡಿಕೊಳ್ಳುತ್ತೇನೆ.

ಎರಡನೇ ಬದಿಯನ್ನು ಉಳಿಸುವುದು ‘ಬರ್ನಡೆಟ್’. ಮೊದಲು ಬಾಸ್ ಗಿಟಾರ್ ಕೇಳಿ, ಅದು ಜೇಮ್ಸ್ ಜೇಮರ್ಸನ್. ಒಂದೇ ಕಡೆ ನಿಲ್ಲುವುದಿಲ್ಲ. ಲೆವಿ ಏನು ಹೇಳಿದರೂ ಕೆಳಗಿನಿಂದ ಉತ್ತರ ಕೊಡುತ್ತಾ ಹೋಗುತ್ತದೆ, ತಾಳಮದ್ದಳೆಯಲ್ಲಿ ಎದುರು ಅರ್ಥಧಾರಿ ಕೂತ ಹಾಗೆ. ಹಿಂದೆ ಏರುದನಿಯಲ್ಲಿ ಕೇಳಿಸುವ ಹೆಂಗಸರು ಆಂಡಾಂಟೀಸ್, ಮೋಟೌನ್‌ನ ಖಾಯಂ ಹಿಮ್ಮೇಳ. ಕೊನೆಯಲ್ಲಿ ಎಲ್ಲ ನಿಲ್ಲುತ್ತದೆ. ಮುಗಿಯಿತು ಅಂದುಕೊಂಡು ಸೂಜಿ ಎತ್ತಲು ಕೈ ಚಾಚಿದೆ. ಆಗ ಲೆವಿ ಒಂಟಿಯಾಗಿ ಆ ಹೆಸರು ಹಿಡಿದು ಕೂಗಿದ. ಬೆಚ್ಚಿ ಕೈ ಹಿಂದೆ ತೆಗೆದೆ.

ಹಾಡು ಬರೆಯುತ್ತಿದ್ದ ಮೂವರು ಆಮೇಲೆ ಮೋಟೌನ್ ಬಿಟ್ಟರು. 1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಗುಳೆ ಹೊರಟಾಗ ಟಾಪ್ಸ್ ಊರು ಬಿಡಲಿಲ್ಲ, ಕಂಪನಿಯನ್ನೇ ಬಿಟ್ಟರು. 1986ರ ‘ಲಿಟ್ಲ್ ಶಾಪ್ ಆಫ್ ಹಾರರ್ಸ್’ ಸಿನಿಮಾದಲ್ಲಿ ಮನುಷ್ಯರನ್ನು ತಿನ್ನುವ ಗಿಡವೊಂದಿದೆಯಲ್ಲ, ಅದರ ದನಿ ಲೆವಿಯದು. ನನ್ನ ಮಗಳಿಗೆ ಅವನು ಗೊತ್ತಿರುವುದು ಬರೀ ಗಿಡವಾಗಿ. ಕ್ಯಾನ್ಸರ್, ಪಾರ್ಶ್ವವಾಯು ಎರಡೂ ಬಂದು 2000ದಲ್ಲಿ ವೇದಿಕೆ ಬಿಟ್ಟ. 2004ರಲ್ಲಿ ತಂಡಕ್ಕೆ 50 ತುಂಬಿದಾಗ ಡೆಟ್ರಾಯಿಟ್ ಒಪೆರಾ ಹೌಸ್‌ನಲ್ಲಿ ಗಾಲಿಕುರ್ಚಿಯಲ್ಲಿ ಬಂದು ಹಾಡಿದ. ಅದರ ವಿಡಿಯೋ ಇದೆ. ಆ ಹೊತ್ತಿಗೆ ದನಿ ಉಳಿದಿದ್ದು ಎಳೆಯಷ್ಟು. ನಾನು ಒಮ್ಮೆ ನೋಡಿದೆ, ಮತ್ತೆ ನೋಡಲು ಧೈರ್ಯ ಬಂದಿಲ್ಲ. 2008ರ ಅಕ್ಟೋಬರ್ 17ರಂದು ಇದೇ ಊರಿನ ತನ್ನ ಮನೆಯಲ್ಲಿ ತೀರಿಕೊಂಡ. ಆಗ 72 ವರ್ಷ. ಕೊನೆಗೆ ಉಳಿದಿದ್ದ ಫಕೀರ್ ಕೂಡ 2024ರಲ್ಲಿ ಹೋದರು.

ಕೊಳ್ಳುವವರಿಗೆ ಎರಡು ಮಾತು. ಸ್ಟೀರಿಯೋ ಪ್ರತಿಯೂ ಸಿಗುತ್ತದೆ. ಗೆಳೆಯನ ಮನೆಯಲ್ಲಿ ಕೇಳಿದೆ, ನನಗೆ ಹಿಡಿಸಲಿಲ್ಲ. ವಾದ್ಯಗಳೆಲ್ಲ ಚದುರಿ ಕೂತ ಹಾಗೆ ಅನಿಸುತ್ತದೆ. ಮೋನೋದಲ್ಲಿ ಎಲ್ಲ ಒಂದೇ ಕಡೆಯಿಂದ ಬಂದು ಎದೆಗೆ ಗುದ್ದುತ್ತದೆ. ಅಂಗಡಿಯಲ್ಲಿ ತಟ್ಟೆಯನ್ನು ಹೊರಗೆ ತೆಗೆದು, ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ನೋಡಿ. ಹಪ್ಪಳ ಆಗಿದ್ದರೆ ಬೇಡ. ಸಣ್ಣ ಗೀರುಗಳಿಗೆ ಹೆದರಬೇಡಿ, ಅವನ ಕೂಗಿನ ಮುಂದೆ ಅವು ಕೇಳಿಸುವುದಿಲ್ಲ. 25 ಡಾಲರ್‌ವರೆಗೂ ಕೊಡಬಹುದು. ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕಳೆದದ್ದು ಮಂಕೀಸ್ ಹಾಡುಗಳಿಗೆ.