ಟವರ್ ಇಲ್ಲದ ದಿನಗಳ ಆಸರೆ: ಡೆಬಿಯನ್ ಜೊತೆಗೇ ಬರುವ ಸಹಾಯ ಕಡತಗಳು, ನಾಲ್ಕು ವರ್ಷಗಳ ಬಳಕೆಯ ನಂತರ

ಹೊಸನಗರ ತಾಲ್ಲೂಕಿನ ನಮ್ಮೂರಿನಲ್ಲಿ ನಾನು ನಡೆಸುವ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯ ಎರಡು ಕಂಪ್ಯೂಟರುಗಳಲ್ಲಿ 2021ರ ಸೆಪ್ಟೆಂಬರಿನಿಂದ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇದೆ. ಅದು ಉಚಿತವೆಂಬುದನ್ನೂ ಹಳೆಯ ಯಂತ್ರದಲ್ಲಿ ಚೆನ್ನಾಗಿ ಓಡುತ್ತದೆಂಬುದನ್ನೂ ಬಹಳ ಜನ ಬರೆದಿದ್ದಾರೆ. ನಾನು ಬರೆಯಬೇಕೆಂದುಕೊಂಡಿರುವುದು, ಏನಾದರೂ ಕೈಕೊಟ್ಟಾಗ ಉತ್ತರವನ್ನು ಎಲ್ಲಿ ಹುಡುಕಬೇಕೆಂಬುದರ ಬಗ್ಗೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ನಮ್ಮಲ್ಲಿ ಕರೆಂಟಿನ ಹಿಂದೆಯೇ ಟವರೂ ಹೋಗುತ್ತದೆ. ಯುಪಿಎಸ್ ಬಲದಲ್ಲಿ ಕಂಪ್ಯೂಟರ್ ನಡೆಯುತ್ತಿರುತ್ತದೆ, ಗಿರಾಕಿ ಎದುರಿಗೆ ಕಾಯುತ್ತಿರುತ್ತಾರೆ, ಅಂತರಜಾಲ ಮಾತ್ರ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಡೆಬಿಯನ್ನಿನ ಬಹುಪಾಲು ದಾಖಲೆಗಳು ಯಂತ್ರದೊಳಗೇ ಇರುವುದು ಎಷ್ಟು ದೊಡ್ಡ ಉಪಕಾರವೆಂಬುದು ಇಲ್ಲಿದ್ದವರಿಗೇ ಗೊತ್ತು.

ಮೊದಲ ಅನುಸ್ಥಾಪನೆಯೇ ಸ್ವಲ್ಪ ಕಷ್ಟವಾಯಿತು. ಆಗಿನ 11ನೆಯ ಆವೃತ್ತಿಯ ಅಧಿಕೃತ ಪ್ರತಿಯಲ್ಲಿ ಮುಕ್ತವಲ್ಲದ ಫರ್ಮ್‌ವೇರ್ (ವೈಫೈಯಂಥ ಬಿಡಿಭಾಗಗಳನ್ನು ನಡೆಸುವ, ತಯಾರಕರು ಮೂಲ ಬಿಟ್ಟುಕೊಡದ ತಂತ್ರಾಂಶ) ಇರಲಿಲ್ಲವಾದ್ದರಿಂದ ವೈಫೈ ಏಳಲಿಲ್ಲ. ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಇಂಟರ್‌ನೆಟ್ಟಿನಲ್ಲೇ ಮುಗಿಸಿದೆ. 2023ರ ಜೂನ್‌ನಲ್ಲಿ ಬಂದ 12ನೆಯ ಆವೃತ್ತಿಯಿಂದ ಅದನ್ನು ಒಳಗೇ ಸೇರಿಸಿದ್ದಾರೆ, ಆದ್ದರಿಂದ ಹೊಸಬರು ಈ ಬಗ್ಗೆ ಚಿಂತಿಸಬೇಕಾಗಿಲ್ಲ.

ನನಗೆ ಅತಿ ಹೆಚ್ಚು ನೆರವಾದದ್ದು 'ಮ್ಯಾನ್' ಪುಟಗಳು, ಅಂದರೆ 'ಮ್ಯಾನ್' ಎಂದು ಟೈಪಿಸಿ ಆದೇಶದ ಹೆಸರು ಕೊಟ್ಟರೆ ತೆರೆಯುವ ಕೈಪಿಡಿ ಪುಟಗಳು. ಗಿರಾಕಿಗಳ ಲಗ್ನಪತ್ರಿಕೆ, ಕರಾರುಪತ್ರಗಳ ಕಡತಗಳನ್ನು ಪ್ರತಿ ರಾತ್ರಿ ಎಂಟಕ್ಕೆ ಇನ್ನೊಂದು ಡಿಸ್ಕಿಗೆ ನಕಲು ಮಾಡುವಂತೆ, ಗೊತ್ತುಪಡಿಸಿದ ಹೊತ್ತಿಗೆ ಕೆಲಸ ನಡೆಸುವ 'ಕ್ರಾನ್'ಗೆ ಹೇಳಿಟ್ಟಿದ್ದೆ. ಅದನ್ನು ಬರೆಯುವ ಬಗೆಯನ್ನು ಕ್ರಾನ್‌ಟ್ಯಾಬ್‌ನ (ಕ್ರಾನ್‌ನ ಕೆಲಸಪಟ್ಟಿಯ) ಪುಟದಿಂದಲೇ ಕಲಿತದ್ದು. ಆದರೆ ಬರಿದೇ 'ಮ್ಯಾನ್ ಕ್ರಾನ್‌ಟ್ಯಾಬ್' ಎಂದರೆ ತೆರೆಯುವುದು ಆದೇಶವನ್ನು ವಿವರಿಸುವ 1ನೆಯ ವಿಭಾಗ; ಕಡತದ ಸಾಲು ಹೇಗಿರಬೇಕೆಂಬುದು 5ನೆಯ ವಿಭಾಗದಲ್ಲಿರುವುದರಿಂದ 'ಮ್ಯಾನ್ 5 ಕ್ರಾನ್‌ಟ್ಯಾಬ್' ಎನ್ನಬೇಕು. ಈ ವಿಭಾಗಗಳ ಗುಟ್ಟನ್ನು ನನಗೆ ಯಾರೂ ಹೇಳಿರಲಿಲ್ಲ, ಹಾಗಾಗಿ ಒಂದು ಇಡೀ ಸಂಜೆ ತಪ್ಪು ಪುಟವನ್ನೇ ಓದುತ್ತ ಕುಳಿತಿದ್ದೆ.

ಆಷಾಢದ ಒಂದು ವಾರ ಸಂಜೆ ಏಳಕ್ಕೇ ಕರೆಂಟು ಹೋಗುತ್ತಿತ್ತು, ನಾನೂ ಯಂತ್ರ ನಿಲ್ಲಿಸಿ ಮನೆಗೆ ಹೊರಡುತ್ತಿದ್ದೆ. ವಾರದ ಕೊನೆಗೆ ನೋಡಿದರೆ ಒಂದು ನಕಲೂ ಆಗಿರಲಿಲ್ಲ. ಹೇಳಿದ ಹೊತ್ತಿಗೆ ಯಂತ್ರ ನಿಂತಿದ್ದರೆ ಕ್ರಾನ್ ಆ ಸರದಿಯನ್ನು ಬಿಟ್ಟುಬಿಡುತ್ತದೆ. ಆ ದಿನ ಟವರ್ ಇರಲಿಲ್ಲ. ಪುಟಗಳ ಕಿರುವಿವರಣೆಯಲ್ಲಿ ಹುಡುಕಿಕೊಡುವ 'ಆಪ್ರೊಪೊಸ್' ಆದೇಶಕ್ಕೆ ಕ್ರಾನ್ ಎಂಬ ಪದ ಕೊಟ್ಟಾಗ ಪಟ್ಟಿಯಲ್ಲಿ 'ಅನಾಕ್ರಾನ್' ಕಂಡಿತು. ಯಂತ್ರ ಸದಾ ನಡೆಯುತ್ತಲೇ ಇರುತ್ತದೆಂದು ತಾನು ಭಾವಿಸುವುದಿಲ್ಲವೆಂದು ಆ ಪುಟ ಆರಂಭದಲ್ಲೇ ಹೇಳುತ್ತದೆ. ಮಲೆನಾಡಿಗೆಂದೇ ಬರೆದ ಹಾಗಿತ್ತು. ಎಷ್ಟು ದಿನಕ್ಕೊಮ್ಮೆ, ಯಂತ್ರ ಎದ್ದ ಎಷ್ಟು ನಿಮಿಷದ ನಂತರ, ಕೆಲಸದ ಹೆಸರೇನು, ಆದೇಶವೇನು ಎಂಬ ನಾಲ್ಕು ಅಂಶಗಳ ಒಂದೇ ಸಾಲು ಸಾಕಾಯಿತು. ಅಂದಿನಿಂದ ಕರೆಂಟು ಯಾವಾಗ ಬಂದರೂ ಬಿಟ್ಟುಹೋದ ನಕಲು ತಾನಾಗಿ ಆಗುತ್ತಿದೆ.

ಕನ್ನಡ ಟೈಪಿಂಗಿಗೂ ಇಂಥದೇ ದಾರಿ ಸಿಕ್ಕಿತು. ಬೇರೆ ಬೇರೆ ಭಾಷೆಗಳಲ್ಲಿ ಟೈಪಿಸಲು ನೆರವಾಗುವ ಐಬಸ್ ತಂತ್ರಾಂಶದಲ್ಲಿ ಕೆಜಿಪಿ ಎಂಬ ಕನ್ನಡ ಕೀಲಿ ವಿನ್ಯಾಸ ಹಾಕಿಕೊಂಡೆ, ಆದರೆ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗಿಗೆ ಯಾವ ಕೀಲಿಗೆ ಯಾವ ಅಕ್ಷರವೆಂದು ತೋರಿಸಲು ಚಿತ್ರಪಟ ಇರಲಿಲ್ಲ. ಆ ವಿನ್ಯಾಸವೇ ಇಂಥ ಕೀಲಿ ವಿನ್ಯಾಸಗಳನ್ನಿಟ್ಟಿರುವ 'ಎಂ17ಎನ್' ಎಂಬ ಕಡತಕೋಶದಲ್ಲಿ ಸಾದಾ ಪಠ್ಯವಾಗಿ ಇದೆ. ಕೀಲಿ ಮತ್ತು ಅಕ್ಷರ ಪಕ್ಕಪಕ್ಕದಲ್ಲಿರುವ ಆ ಸಾಲುಗಳನ್ನು ಮುದ್ರಿಸಿ ಗೋಡೆಗೆ ಅಂಟಿಸಿದೆವು. ಮುದ್ರಕದ ಜೊತೆ ಬಂದ ಕೈಪಿಡಿಯಲ್ಲಿ ಲಿನಕ್ಸಿನ ಹೆಸರೇ ಇರಲಿಲ್ಲ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 631 (ನಮ್ಮದೇ ಯಂತ್ರದೊಳಗಿನ ವಿಳಾಸ) ತೆರೆದರೆ ಕಾಣುವ, ಮುದ್ರಣ ನೋಡಿಕೊಳ್ಳುವ ಕಪ್ಸ್‌ ತಂತ್ರಾಂಶದ ಸಹಾಯ ಪುಟಗಳಿಗೆ ಇಂಟರ್‌ನೆಟ್ ಬೇಡ, ಕೆಲಸ ಅದರಿಂದಲೇ ಆಯಿತು.

ಕೊರತೆಗಳನ್ನೂ ಹೇಳಬೇಕು. ಮ್ಯಾನ್ ಪುಟ ಗೊತ್ತಿದ್ದವರಿಗೆ ನೆನಪಿಸುತ್ತದೆಯೇ ಹೊರತು ಹೊಸಬರಿಗೆ ಕೈಹಿಡಿದು ಕಲಿಸುವುದಿಲ್ಲ, ಅನೇಕ ಪುಟಗಳಲ್ಲಿ ಉದಾಹರಣೆಗಳೂ ಕಡಿಮೆ. ಅನುಸ್ಥಾಪಕ ಕನ್ನಡದಲ್ಲಿ ಮಾತನಾಡುತ್ತದೆ, ಆದರೆ ನಂತರ ಓದಬೇಕಾದದ್ದೆಲ್ಲ ಇಂಗ್ಲಿಷಿನಲ್ಲಿದೆ. ನಮ್ಮ ಹುಡುಗಿ ಬುದ್ಧಿವಂತೆ, ಕನ್ನಡ ಮಾಧ್ಯಮದಲ್ಲಿ ಓದಿದವಳು. ಅವಳಿಗಾಗಿ ನಾನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದೊಂದು ಆದೇಶವನ್ನೂ ಕನ್ನಡದಲ್ಲಿ ಬರೆದಿಡುತ್ತ ಬಂದಿದ್ದೇನೆ. ಲಿಬ್ರೆಆಫೀಸಿನಲ್ಲಿ ಎಫ್1 ಒತ್ತಿದರೆ ಸಹಾಯ ತೆರೆಯಬೇಕಾದರೆ ಅದರ ಸಹಾಯ ಪೊಟ್ಟಣವನ್ನು ಬೇರೆಯಾಗಿ ಹಾಕಿಕೊಂಡಿರಬೇಕು, ಇಲ್ಲವಾದರೆ ಅದು ಅಂತರಜಾಲದ ಕಡೆಗೆ ಓಡುತ್ತದೆ. ಇದನ್ನು ಮಳೆಗಾಲಕ್ಕೆ ಮುಂಚೆಯೇ ಮಾಡಿಕೊಳ್ಳಿ.

ಆವೃತ್ತಿ ಬದಲಿಸುವ ಮುನ್ನ ಬಿಡುಗಡೆ ಟಿಪ್ಪಣಿಯನ್ನು ಓದದೆ ನಾನು ಈಗ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. 2025ರ ಆಗಸ್ಟ್‌ನಲ್ಲಿ 13 ಬಂದಾಗ ಅದನ್ನು ಇಳಿಸಿಕೊಂಡು, ಮುದ್ರಿಸಿ, ಎರಡು ರಾತ್ರಿ ಕುಳಿತು ಓದಿದೆ. 32 ಬಿಟ್‌ನ ಹಳೆಯ ಪಿಸಿಗಳಿಗೆ ಇನ್ನು ಅಧಿಕೃತ ಕರ್ನೆಲ್ಲಾಗಲಿ (ವ್ಯವಸ್ಥೆಯ ತಿರುಳು) ಅನುಸ್ಥಾಪಕವಾಗಲಿ ಇಲ್ಲ, ಅಂಥವರು ಏರಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರು. ನನ್ನ ಎರಡನೆಯ ಯಂತ್ರ ಅದೇ ಬಗೆಯದು. ಅದನ್ನು 12ರಲ್ಲೇ ಬಿಟ್ಟು, ಮುಂದಿನ ಮೇಜಿನದನ್ನು ಮಾತ್ರ ದೀಪಾವಳಿ ರಜೆಯಲ್ಲಿ 13ಕ್ಕೆ ಏರಿಸಿದೆ.