ಡೊಮೇನ್ ಹೆಸರು: ನಾಲ್ಕು ಥರದ್ದು ಬಳಸಿ ನೋಡಿದೀನಿ

ನಂದು ನೋಟ್‌ಬುಕ್ ಬೈಂಡಿಂಗ್ ಕೆಲಸ, ಆರ್ಡರೆಲ್ಲ ವೆಬ್‌ಸೈಟಿಂದಾನೇ ಬರ್ಬೇಕು. ಆ ವೆಬ್‌ಸೈಟಿನ ವಿಳಾಸಕ್ಕೆ, ಅಂದ್ರೆ ಡೊಮೇನಿಗೆ, ಇಲ್ಲಿವರೆಗೆ ನಾಲ್ಕು ಥರದ ಹೆಸರು ಇಟ್ಟು ನೋಡಿದೀನಿ, ಹೊಸದಾಗಿ ತಗೊಳ್ಳೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದಲನೇದು, ಜನ ಹುಡುಕೋ ಪದಗಳನ್ನೇ ಅಡ್ಡಗೆರೆ ಹಾಕಿ ಜೋಡಿಸಿದ ಉದ್ದನೇ ಹೆಸರು. ಗೂಗಲ್ಲಲ್ಲಿ ಮೇಲೆ ಬರುತ್ತೆ ಅಂತ ಯಾರೋ ಹೇಳಿದ್ರು, ಆದ್ರೆ ಹೆಸರಿನ ಬಲದಿಂದಷ್ಟೇ ಮೇಲೆ ಬರ್ತಿದ್ದ ಕಳಪೆ ಸೈಟುಗಳನ್ನ ಗೂಗಲ್ 2012ರಲ್ಲೇ ಕೆಳಗಿಳಿಸಿತ್ತು. ಹೆಸರಲ್ಲಿ 63 ಅಕ್ಷರದವರೆಗೂ ಅವಕಾಶ ಇದೆ, ಹಾಗಂತ ಅಷ್ಟುದ್ದ ಯಾರು ಟೈಪ್ ಮಾಡ್ತಾರೆ? ಫೋನಲ್ಲಿ ಹೇಳುವಾಗ "ಅಡ್ಡಗೆರೆ, ಕೆಳಗಡೆ ಬರೋದಲ್ಲ, ಮಧ್ಯದ್ದು" ಅಂತ ಮೂರು ಸಲ ಹೇಳ್ಬೇಕಿತ್ತು. ವರ್ಷ ಆಗ್ತಿದ್ದಂಗೆ ಬಿಟ್ಟೆ.

ಎರಡನೇದು ನಂಗೆ ತುಂಬಾ ಇಷ್ಟ ಆಗಿದ್ದು, ಪುಸ್ತಕ ಅನ್ನೋ ಅರ್ಥದ ಹೊತ್ತಿಗೆ ಅನ್ನೋ ಪದ ಸೇರಿಸಿ ಮಾಡಿದ ಹೆಸರು. ಕಿವಿಗೆ ಎಷ್ಟು ಚೆನ್ನಾಗಿದೆ ನೋಡಿ. ಆದ್ರೆ ಕನ್ನಡದಲ್ಲಿ ಬರೆಯೋಕೆ ಒಂದೇ ದಾರಿ ಇರೋ ಪದ ಇಂಗ್ಲಿಷ್ ಅಕ್ಷರಕ್ಕೆ ಹೋದ ತಕ್ಷಣ ಎರಡು ಟೀನಾ, ಟೀ ಆದ್ಮೇಲೆ ಎಚ್ ಬರುತ್ತಾ, ಎರಡು ಟೀ ಹಾಕಿ ಎಚ್ಚೂ ಹಾಕ್ಬೇಕಾ ಅಂತ ಶುರುವಾಗುತ್ತೆ. ಹತ್ತು ಜನಕ್ಕೆ ಫೋನ್ ಮಾಡಿ ಬರೀ ಬಾಯಲ್ಲಿ ಹೇಳಿ ಟೈಪ್ ಮಾಡಿಸ್ದೆ, ಸರಿಯಾಗಿ ಬಂದಿದ್ದು ನಾಲ್ಕೇ ಜನಕ್ಕೆ. ಈ ಪರೀಕ್ಷೆ ಹೆಸರು ಕೊಳ್ಳೋಕೆ ಮುಂಚೆನೇ ಮಾಡ್ಬೇಕಿತ್ತು. ಕನ್ನಡ ಲಿಪೀಲೇ ತಗೊಳ್ಳೋದಕ್ಕೂ ಆಗುತ್ತೆ, ಆದ್ರೆ ಒಳಗಡೆ ಅದು ಎಕ್ಸ್ ಎನ್ ಅಂತ ಶುರುವಾಗೋ ಇಂಗ್ಲಿಷ್ ಅಕ್ಷರದ ಸಾಲಾಗಿ ಬದಲಾಗುತ್ತೆ, ಲಿಂಕ್ ಕಾಪಿ ಮಾಡಿ ಕಳ್ಸಿದ್ರೆ ಎಷ್ಟೋ ಕಡೆ ಅದೇ ಕಾಣ್ಸುತ್ತೆ, ನೋಡಿದೋರು ವೈರಸ್ ಲಿಂಕ್ ಅಂದ್ಕೋತಾರೆ.

ಮೂರನೇದು ಐದಕ್ಷರದ ಹೆಸರು, ಡಾಟ್ ಕಾಮ್ ಬೇರೆಯವರ ಹತ್ರ ಇದ್ದಿದ್ರಿಂದ ಡಾಟ್ ಸಿಒ ತಗೊಂಡೆ. ಅಸಲಿಗೆ ಅದು ಕೊಲಂಬಿಯಾ ದೇಶದ ಕೋಡ್, ಹೆಸರಿನ ಕೊನೇಲಿ ಡಾಟ್ ಆದ್ಮೇಲೆ ಬರೋ ಎರಡಕ್ಷರದ ಎಕ್ಸ್‌ಟೆನ್ಶನ್‌ಗಳೆಲ್ಲ ಹೆಚ್ಚುಕಮ್ಮಿ ಯಾವುದಾದ್ರೂ ದೇಶದ್ದೋ ಪ್ರಾಂತ್ಯದ್ದೋ ಆಗಿರುತ್ತೆ. ತೊಂದ್ರೆ ಬಂದಿದ್ದು ಮೇಲ್‌ನಲ್ಲಿ. ಒಬ್ರು ಗ್ರಾಹಕರು ನೂರು ನೋಟ್‌ಬುಕ್ಕಿನ ಆರ್ಡರ್ ಕಳ್ಸಿ ಒಂದು ವಾರ ಉತ್ತರಕ್ಕೆ ಕಾದಿದ್ದಾರೆ, ಅವರ ಬೆರಳು ಅಭ್ಯಾಸದಲ್ಲಿ ಕೊನೆಗೊಂದು ಎಮ್ ಸೇರಿಸಿತ್ತು, ಮೇಲ್ ವಾಪಸ್ಸೂ ಬಂದಿಲ್ಲ, ಯಾರದೋ ಇನ್‌ಬಾಕ್ಸಿಗೆ ಹೋಗಿ ಕೂತಿದೆ. ಆ ಆರ್ಡರ್ ಹೋಯ್ತು, ನಂಗೆ ಇವತ್ತಿಗೂ ಬೇಜಾರಿದೆ.

ಈಗಿರೋದು ಎಲ್ಲರಿಗೂ ಸ್ಪೆಲ್ಲಿಂಗ್ ಗೊತ್ತಿರೋ ಎರಡು ಸಾದಾ ಪದ, ಡಾಟ್ ಕಾಮ್. ಕೇಳಿದ್ರೆ ವಿಶೇಷ ಏನೂ ಅನ್ಸಲ್ಲ, ಆದ್ರೆ ಅದೇ ಹತ್ತು ಜನರಲ್ಲಿ ಒಂಬತ್ತು ಜನ ಸರಿಯಾಗಿ ಹೊಡೆದ್ರು. ಕೊಳ್ಳೋಕೆ ಮುಂಚೆ ಹಳೇ ಮಾಲೀಕರು ಅಲ್ಲಿ ಏನು ನಡೆಸ್ತಿದ್ರು ಅಂತ ಹಳೇ ವೆಬ್ ಪುಟಗಳನ್ನ ಉಳಿಸಿಡೋ ವೇಬ್ಯಾಕ್ ಮಷೀನ್ ಅನ್ನೋ ಸೈಟಲ್ಲಿ ನೋಡ್ದೆ, ಟ್ರೇಡ್‌ಮಾರ್ಕ್ ಬೇರೆ ಯಾರದಾದ್ರೂ ಇದೆಯಾ ಅಂತ ಹುಡುಕ್ದೆ, ಮೊದಲ ವರ್ಷದ ಆಫರ್ ಬಿಟ್ಟು ರಿನ್ಯೂವಲ್ ರೇಟೆಷ್ಟು ಅಂತ ಕೇಳ್ದೆ.

ಹೊತ್ತಿಗೆ ಹೆಸರನ್ನ ಮಾತ್ರ ಇನ್ನೂ ಪ್ರತಿ ವರ್ಷ ರಿನ್ಯೂ ಮಾಡಿಸ್ತಿದೀನಿ. ಹಳೇ ಬಿಲ್ಲುಗಳಲ್ಲೆಲ್ಲ ಆ ಮೇಲ್ ಐಡಿನೇ ಇದೆ, ಬಿಟ್ರೆ ಬೇರೆ ಯಾರಾದ್ರೂ ತಗೊಂಡು ನನ್ನ ಗ್ರಾಹಕರ ಮೇಲ್ ಓದ್ಬಹುದು.